ಕಾವೇರಿಯನ್ನು ಅಳೆದ ಕಾನೂನು ಕನ್ನಡದಲ್ಲಿ ಕೇಳಿಸಲಿ

ಸಂಪಾದಕರಿಗೆ,

ಮಾನ್ಯರೆ,

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ, ತಮಿಳುನಾಡಿನ ಗಡಿಯಲ್ಲಿ ಕಾವೇರಿಯ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ಜಲಮಾಪನ ಕೇಂದ್ರದಲ್ಲಿ ಎಷ್ಟು ನೀರು ಹರಿಯಿತು ಎಂಬ ಸುದ್ದಿ ನಿಮ್ಮ ಪತ್ರಿಕೆಯ ಮುಖಪುಟಕ್ಕೇ ಬರುತ್ತದೆ. ಸಾಮಾನ್ಯ ಜಲವರ್ಷದಲ್ಲಿ ಅಲ್ಲಿ ತಮಿಳುನಾಡಿಗೆ ಹರಿಯಬೇಕಾದದ್ದು 177.25 ಟಿಎಂಸಿ ಅಡಿ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕೊಟ್ಟ ತೀರ್ಪಿನಿಂದ ಈ ಅಂಕಿ ನಿಂತಿತು ಎಂಬುದು ಮಂಡ್ಯದ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಗೊತ್ತಾಗುತ್ತದೆ. ಆದರೆ ಈ ಅಂಕಿಯ ಹಿಂದಿರುವ ಅಳತೆಗೋಲು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯನ್ನು ತೆರೆದು ನೋಡಿದರೆ, ನ್ಯಾಯಮಂಡಳಿಯನ್ನು ಹೇಗೆ ರಚಿಸಬೇಕು, ಅದರ ಅಧಿಕಾರವೇನು, ತೀರ್ಪನ್ನು ಹೇಗೆ ಪ್ರಕಟಿಸಬೇಕು ಎಂಬುದೆಲ್ಲ ಅಲ್ಲಿದೆ. ಯಾವ ತತ್ವದ ಮೇಲೆ ನೀರನ್ನು ಹಂಚಬೇಕು ಎಂಬುದು ಮಾತ್ರ ಇಲ್ಲ. ಆ ತತ್ವವನ್ನು ರೂಪಿಸಿಕೊಟ್ಟವರಲ್ಲಿ ಅಂತರರಾಷ್ಟ್ರೀಯ ಕಾನೂನಿನ ವಿದ್ವಾಂಸರ ಪಾಲು ದೊಡ್ಡದು. ಅವರ ಬರವಣಿಗೆ ಮತ್ತು ಉಪನ್ಯಾಸಗಳು ಕನ್ನಡದ ಓದುಗರಿಗೆ, ಅದರಲ್ಲೂ ಆ ನೀರನ್ನೇ ನಂಬಿ ಬದುಕುವವರಿಗೆ, ಇಂದಿಗೂ ತಲುಪದಿರುವುದು ಸರಿಯಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

1966ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಅಂತರರಾಷ್ಟ್ರೀಯ ಕಾನೂನು ಸಂಘ ಸಮಾವೇಶಗೊಂಡಿತ್ತು. ಇದು 1873ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಸಂಸ್ಥೆ. ಸರ್ಕಾರಗಳ ಒಕ್ಕೂಟವಲ್ಲ, ಪ್ರಾಧ್ಯಾಪಕರು, ವಕೀಲರು, ನ್ಯಾಯಾಧೀಶರು ಸೇರಿದ ಖಾಸಗಿ ವಿದ್ವತ್ ಸಂಘ. ಹಲವು ದೇಶಗಳ ಮೂಲಕ ಹರಿಯುವ ನದಿಗಳ ನೀರನ್ನು ಹೇಗೆ ಬಳಸಿಕೊಳ್ಳಬೇಕು ಎಂಬ ಬಗ್ಗೆ ಆ ಸಮಾವೇಶ ಅಂಗೀಕರಿಸಿದ ನಿಯಮಗಳೇ ಹೆಲ್ಸಿಂಕಿ ನಿಯಮಗಳು. ಯಾವ ಸರ್ಕಾರವೂ ಅದಕ್ಕೆ ಸಹಿ ಹಾಕಲಿಲ್ಲ, ಯಾವ ಸಂಸತ್ತೂ ಅದನ್ನು ಅನುಮೋದಿಸಲಿಲ್ಲ. ಅದಕ್ಕೆ 71 ವರ್ಷ ಮೊದಲು, 1895ರಲ್ಲಿ, ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ರಿಯೊ ಗ್ರಾಂಡೆ ನದಿಯ ವಿಚಾರದಲ್ಲಿ ಮೆಕ್ಸಿಕೊದ ದೂರಿಗೆ ಉತ್ತರವಾಗಿ, ತನ್ನ ನೆಲದ ಮೇಲೆ ಹರಿಯುವ ನೀರನ್ನು ಮೇಲಿನ ದೇಶ ಹೇಗೆ ಬೇಕಾದರೂ ಬಳಸಬಹುದು, ಕೆಳಗಿನವರಿಗೆ ಅದರಿಂದಾಗುವ ನಷ್ಟಕ್ಕೆ ಕಾನೂನಿನ ಹೊಣೆಯಿಲ್ಲ ಎಂದು ಅಭಿಪ್ರಾಯ ಕೊಟ್ಟಿದ್ದ. ಹೆಲ್ಸಿಂಕಿಯ ವಿದ್ವಾಂಸರು ಈ ವಾದವನ್ನು ಬದಿಗೆ ಸರಿಸಿ, ಜಲಾನಯನ ಪ್ರದೇಶದ ಪ್ರತಿಯೊಂದು ದೇಶಕ್ಕೂ ನ್ಯಾಯೋಚಿತವೂ ಸಮಂಜಸವೂ ಆದ ಪಾಲಿದೆ ಎಂದರು. ಆ ಪಾಲನ್ನು ಗೊತ್ತುಮಾಡಲು ಹನ್ನೊಂದು ಅಂಶಗಳ ಒಂದು ಪಟ್ಟಿಯನ್ನೂ ಕೊಟ್ಟರು: ನದಿಯ ಭೂಗೋಳ, ನೀರಿನ ಲಭ್ಯತೆ, ಹವಾಮಾನ, ಹಿಂದಿನಿಂದ ನಡೆದುಬಂದ ಬಳಕೆ, ಆರ್ಥಿಕ ಮತ್ತು ಸಾಮಾಜಿಕ ಅಗತ್ಯ, ಆ ನೀರನ್ನು ಅವಲಂಬಿಸಿರುವ ಜನಸಂಖ್ಯೆ, ಬೇರೆ ಜಲಮೂಲಗಳ ಲಭ್ಯತೆ, ನೀರು ಪೋಲಾಗದಂತೆ ನೋಡಿಕೊಳ್ಳುವುದು, ಹೀಗೆ.

ಈ ಪಟ್ಟಿಯನ್ನು ಒಂದು ಕೈಯಲ್ಲಿ, ಕಾವೇರಿ ತೀರ್ಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಿದವರಿಗೆ ವಿಷಯ ತಾನಾಗಿಯೇ ತಿಳಿಯುತ್ತದೆ. 1990ರಲ್ಲಿ ರಚನೆಯಾದ ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು ಅಂತಿಮ ಐತೀರ್ಪು ಕೊಟ್ಟಾಗ ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ 419 ಟಿಎಂಸಿ ಎಂದು ಹಂಚಿತು. ಕೆಳಗಿನ ಮುಖಜಭೂಮಿಯಲ್ಲಿ ಶತಮಾನಗಳಿಂದ ನಡೆದುಬಂದ ಬೇಸಾಯಕ್ಕೆ ಸಿಕ್ಕ ತೂಕ ಹಿಂದಿನ ಬಳಕೆಯೆಂಬ ಅಂಶದ ತೂಕ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿತು. ಅದರಲ್ಲಿ 10 ಟಿಎಂಸಿ ಸಿಕ್ಕಿದ್ದು ತಮಿಳುನಾಡಿನ ಕಣಿವೆಯಲ್ಲಿರುವ ಅಂತರ್ಜಲವನ್ನು ನ್ಯಾಯಮಂಡಳಿ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬ ಕಾರಣಕ್ಕೆ. ಬೇರೆ ಜಲಮೂಲಗಳ ಲಭ್ಯತೆ ಎಂಬ ಅಂಶ ಇಲ್ಲಿ ಕೆಲಸ ಮಾಡಿದೆ. ಉಳಿದ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೇ ಒಂದು ಭಾಗ ಮಾತ್ರ ಜಲಾನಯನ ಪ್ರದೇಶದೊಳಗಿದೆ ಎಂದು ನ್ಯಾಯಮಂಡಳಿ ಅಷ್ಟಕ್ಕೇ ಲೆಕ್ಕ ಹಾಕಿತ್ತು; ಆ ಗೆರೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೀರ್ಪಿನಲ್ಲಿ ಹೆಲ್ಸಿಂಕಿ ನಿಯಮಗಳ ಜೊತೆಗೆ ಅದೇ ಸಂಘ ಮುಂದೆ ರೂಪಿಸಿದ ಕಂಪಿಯೋನೆ ನಿಯಮಗಳು ಮತ್ತು 2004ರ ಬರ್ಲಿನ್ ನಿಯಮಗಳ ಚರ್ಚೆಯೂ ಇದೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಹೆಚ್ಚುಕಡಿಮೆ ಇದೇ ತತ್ವವನ್ನು ಒಳಗೊಂಡ ವಿಶ್ವಸಂಸ್ಥೆಯ ಜಲಹರಿವು ಒಪ್ಪಂದ 1997ರಲ್ಲಿ ಮತಕ್ಕೆ ಬಂದಾಗ ಭಾರತ ಮತದಾನದಿಂದ ದೂರ ಉಳಿಯಿತು. ಸರ್ಕಾರ ಒಪ್ಪಂದದಿಂದ ದೂರ ನಿಂತರೂ ವಿದ್ವಾಂಸರ ನಿಯಮಗಳು ನಮ್ಮ ನ್ಯಾಯಾಲಯದ ಬಾಗಿಲಿನಿಂದ ಒಳಗೆ ಬಂದವು.

ಇದು ಆಕಸ್ಮಿಕವಲ್ಲ. ಅಂತರರಾಷ್ಟ್ರೀಯ ಕಾನೂನಿಗೆ ಶಾಸನಸಭೆ ಇಲ್ಲವಾದ್ದರಿಂದ ಅಲ್ಲಿ ವಿದ್ವತ್ತಿಗೆ ಬೇರೆಲ್ಲೂ ಇಲ್ಲದ ಸ್ಥಾನವಿದೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38ನೇ ವಿಧಿ, ನ್ಯಾಯಾಲಯ ಯಾವ ಆಧಾರಗಳಿಂದ ಕಾನೂನನ್ನು ಗುರುತಿಸಬೇಕು ಎಂದು ಹೇಳುವಾಗ ಒಪ್ಪಂದ, ರೂಢಿ, ಸಾಮಾನ್ಯ ತತ್ವಗಳನ್ನು ಹೆಸರಿಸಿ, ಪೂರಕ ಸಾಧನಗಳಾಗಿ ನ್ಯಾಯಾಲಯಗಳ ತೀರ್ಪುಗಳನ್ನೂ ವಿವಿಧ ದೇಶಗಳ ಅತ್ಯಂತ ಅರ್ಹ ವಿದ್ವಾಂಸರ ಬೋಧನೆಗಳನ್ನೂ ಸೇರಿಸುತ್ತದೆ. ಬೋಧನೆ ಎಂದರೆ ಗ್ರಂಥ ಮಾತ್ರವಲ್ಲ. ಈ ಶಾಸ್ತ್ರ ಬಹುಮಟ್ಟಿಗೆ ಸಾರ್ವಜನಿಕ ಉಪನ್ಯಾಸದ ವೇದಿಕೆಯ ಮೇಲೆಯೇ ಬೆಳೆದದ್ದು. ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು ವರ್ಷಕ್ಕೊಮ್ಮೆ ಇಡೀ ವಿದ್ವತ್ ಸಮುದಾಯದ ಮುಂದೆ ಮಾತನಾಡಬೇಕಾಗಿತ್ತು. 1539ರಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಎಂಬ ಪಾದ್ರಿ ಅಂಥ ಉಪನ್ಯಾಸದಲ್ಲಿ, ಅಮೆರಿಕ ಖಂಡದ ಮೂಲನಿವಾಸಿಗಳು ತಮ್ಮ ನೆಲದ ನಿಜವಾದ ಒಡೆಯರೇ ಆಗಿದ್ದಾರೆ, ಪೋಪ್ ದಾನ ಕೊಟ್ಟರೆಂದಾಗಲಿ ಚಕ್ರವರ್ತಿ ಜಗತ್ತಿಗೇ ಒಡೆಯನೆಂದಾಗಲಿ ಹೇಳಿ ಅದನ್ನು ಕಿತ್ತುಕೊಳ್ಳಲು ಬರುವುದಿಲ್ಲ ಎಂದು ವಾದಿಸಿದ. ಅದೇ ವರ್ಷ ನವೆಂಬರಿನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್, ಆ ಊರಿನ ಮಠದ ಮುಖ್ಯಸ್ಥನಿಗೆ ಪತ್ರ ಬರೆದು ಇಂಥ ವಿಷಯಗಳ ಮೇಲೆ ಉಪನ್ಯಾಸವೂ ಚರ್ಚೆಯೂ ನಡೆಯಕೂಡದೆಂದು ಅಪ್ಪಣೆ ಮಾಡಿದ. ವಿತೋರಿಯಾ ತನ್ನ ಉಪನ್ಯಾಸಗಳನ್ನು ಅಚ್ಚು ಹಾಕಿಸಲಿಲ್ಲ. ಅವನು ತೀರಿಕೊಂಡ ಮೇಲೆ, 1557ರಲ್ಲಿ, ಶಿಷ್ಯರು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳಿಂದ ಅವು ಪುಸ್ತಕವಾದವು. ಇಂದು ಅಂತರರಾಷ್ಟ್ರೀಯ ಕಾನೂನಿನ ಇತಿಹಾಸ ಬರೆಯುವವರು ಅವನನ್ನು ಬಿಟ್ಟು ಮುಂದೆ ಹೋಗಲಾರರು.

ಹಾಗೆಂದು ಆ ಉಪನ್ಯಾಸವನ್ನು ಬರೀ ಹೊಗಳಿ ಬಿಡುವಂತಿಲ್ಲ. ಅದೇ ವಿತೋರಿಯಾ ಮುಂದುವರಿದು, ಸ್ಪೇನಿನವರಿಗೆ ಅಲ್ಲಿ ಸಂಚರಿಸುವ, ವ್ಯಾಪಾರ ಮಾಡುವ ಹಕ್ಕಿದೆ, ಮೂಲನಿವಾಸಿಗಳು ಅದನ್ನು ತಡೆದರೆ ಯುದ್ಧಕ್ಕೆ ನ್ಯಾಯವಾದ ಕಾರಣ ಸಿಗುತ್ತದೆ ಎಂದೂ ಹೇಳಿದ. ಮುಂಬಾಗಿಲಲ್ಲಿ ಕೊಟ್ಟದ್ದನ್ನು ಹಿತ್ತಲ ಬಾಗಿಲಲ್ಲಿ ಕಿತ್ತುಕೊಂಡ ವಾದವಿದು ಎಂದು ಶ್ರೀಲಂಕಾ ಮೂಲದ ಆಂಟನಿ ಆಂಘಿಯಂಥ ಇತ್ತೀಚಿನ ವಿದ್ವಾಂಸರು ವಿಮರ್ಶಿಸಿದ್ದಾರೆ. ನನಗೂ ಅವರ ಮಾತು ಸರಿಯೆನಿಸುತ್ತದೆ. ವಸಾಹತುಗಳಾಗಿದ್ದ ನಾಡುಗಳು ಈ ಕಾನೂನನ್ನು ಮಾಡಿದ ಮೇಜಿನ ಸುತ್ತ ಕೂತಿರಲಿಲ್ಲ, ಆದರೂ ಅದಕ್ಕೆ ಕಟ್ಟುಬಿದ್ದಿವೆ. ಇದು ಹೇಗೆ ನ್ಯಾಯ ಎಂಬ ಪ್ರಶ್ನೆಯನ್ನು ನಮ್ಮ ದೇಶದವರೇ ಆದ ಕಾನೂನು ವಿದ್ವಾಂಸ ಆರ್. ಪಿ. ಆನಂದ್ 1960ರ ದಶಕದಿಂದ, ಅವರ ನಂತರ ಬಿ. ಎಸ್. ಚಿಮ್ನಿ ಎತ್ತುತ್ತ ಬಂದರು. ಮೂರನೇ ಜಗತ್ತಿನ ದೃಷ್ಟಿಯಿಂದ ಅಂತರರಾಷ್ಟ್ರೀಯ ಕಾನೂನನ್ನು ನೋಡುವ ಈ ಪಂಥಕ್ಕೆ ಈಗ ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಮನ್ನಣೆಯಿದೆ.

ಇದು ದೂರದ ತತ್ವಜಿಜ್ಞಾಸೆ ಎಂದುಕೊಳ್ಳುವವರು 1892 ಮತ್ತು 1924ರ ಕಾವೇರಿ ಒಪ್ಪಂದಗಳನ್ನು ನೆನೆಯಬೇಕು. ಮದ್ರಾಸು ಬ್ರಿಟಿಷರದೇ ಪ್ರಾಂತ, ಮೈಸೂರು ಅವರ ಪರಮಾಧಿಕಾರಕ್ಕೆ ಒಳಪಟ್ಟ ಸಂಸ್ಥಾನ. ಹೀಗಿರುವಾಗ ಮೈಸೂರು ಹಾಕಿದ ಸಹಿ ಸ್ವತಂತ್ರ ಸಮ್ಮತಿ ಹೇಗಾದೀತು ಎಂಬುದು ಕರ್ನಾಟಕವು ಸುಪ್ರೀಂ ಕೋರ್ಟಿನ ಮುಂದಿಟ್ಟ ವಾದಗಳಲ್ಲಿ ಒಂದಾಗಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಪ್ಪಂದಗಳು ಅನ್ಯಾಯದವೆಂದು ತಳ್ಳಿಹಾಕಲು ಬರುವುದಿಲ್ಲ, ಆದರೆ 1924ರ ಒಪ್ಪಂದದ ಅವಧಿ 50 ವರ್ಷ ತುಂಬಿ 1974ರಲ್ಲಿ ಮುಗಿಯಿತು ಎಂದಿತು. ಸಮಾನರಲ್ಲದವರ ನಡುವಿನ ಒಪ್ಪಂದಕ್ಕೆ ಎಷ್ಟು ಬೆಲೆ ಎಂಬುದು ಏಷ್ಯಾ ಆಫ್ರಿಕಾಗಳ ಕಾನೂನು ಪಂಡಿತರು ದಶಕಗಳಿಂದ ಚರ್ಚಿಸಿದ ಸಂಗತಿ. ಆ ಚರ್ಚೆಯ ಹಿನ್ನೆಲೆ ತಿಳಿದಿದ್ದರೆ, ತೀರ್ಪು ಬಂದ ದಿನ ನಮ್ಮ ವಾದ ಎಲ್ಲಿ ನಿಂತಿತು, ಎಲ್ಲಿ ಬಿತ್ತು ಎಂದು ನಾಲೆಯ ಕೊನೆಯ ರೈತನೂ ತೂಗಿ ನೋಡಬಹುದಿತ್ತು. ನಮಗೆ ಸಿಕ್ಕಿದ್ದು ಗೆಲುವೋ ಸೋಲೋ ಎಂಬ ದೂರದರ್ಶನದ ಕಿರುಚಾಟ ಮಾತ್ರ.

ಇನ್ನು ನಮ್ಮ ನೆಲದ ಒಬ್ಬರ ಮಾತಿಗೆ ಬರುತ್ತೇನೆ. 1887ರ ಫೆಬ್ರುವರಿ 26ರಂದು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರನ್ನು ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ನಮ್ಮಲ್ಲಿ ಕೆಲವರಾದರೂ ನೆನೆಯುತ್ತಾರೆ. ಆದರೆ ನದಿ ನೀರಿನ ಕಾನೂನಿಗೆ ಅವರು ಮಾಡಿದ ಕೆಲಸ ಅವರ ಊರಿನಲ್ಲೇ ಮರೆತುಹೋಗಿದೆ. ಪಂಜಾಬು ಮೇಲಿನಿಂದ ಅಣೆಕಟ್ಟು ಕಟ್ಟಲು ಹೊರಟಾಗ, ಪ್ರವಾಹದ ನೀರಿನಿಂದ ತುಂಬುವ ತನ್ನ ನಾಲೆಗಳು ಒಣಗುತ್ತವೆ ಎಂದು ಸಿಂಧ್ ಪ್ರಾಂತ ದೂರು ಕೊಟ್ಟಿತು. ಅದನ್ನು ವಿಚಾರಿಸಲು 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ಆಗ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ರಾವ್ ಅಧ್ಯಕ್ಷರಾದರು. 1942ರ ವರದಿಯಲ್ಲಿ ಅವರು ಪ್ರಪಂಚದ ಇತರೆಡೆಯ, ವಿಶೇಷವಾಗಿ ಅಮೆರಿಕದ, ತೀರ್ಪುಗಳನ್ನು ಜಾಲಾಡಿ, ಇಂಥ ವಿವಾದಕ್ಕೆ ಪರಸ್ಪರ ಒಪ್ಪಂದವೇ ಅತ್ಯುತ್ತಮ ಪರಿಹಾರ, ಅದು ಆಗದಿದ್ದರೆ ಮೇಲಿನವರ ಸಾರ್ವಭೌಮತ್ವವನ್ನೂ ನದಿಯ ದಡದಲ್ಲಿದ್ದೇವೆ ಎಂಬ ಕಾರಣಕ್ಕೇ ಕೆಳಗಿನವರು ಕೇಳುವ ಹಕ್ಕನ್ನೂ ಪಕ್ಕಕ್ಕಿಟ್ಟು ನ್ಯಾಯೋಚಿತ ಹಂಚಿಕೆಯ ನಿಯಮವನ್ನು ಅನುಸರಿಸಬೇಕು ಎಂದರು. ಎರಡೂ ಪ್ರಾಂತಗಳಿಗೆ ವರದಿ ರುಚಿಸಲಿಲ್ಲ, ಅಷ್ಟರಲ್ಲಿ ದೇಶವೇ ಹೋಳಾಯಿತು. ತತ್ವ ಮಾತ್ರ ಉಳಿಯಿತು. ಹೆಲ್ಸಿಂಕಿ ಸಮಾವೇಶ ನಡೆದದ್ದು ಈ ವರದಿ ಬಂದ 24 ವರ್ಷಗಳ ನಂತರ. ಕರಾವಳಿಯವರೊಬ್ಬರು ಸಿಂಧೂ ನದಿಗಾಗಿ ಬರೆದಿಟ್ಟ ತತ್ವವನ್ನೇ ಮುಂದೆ ಕಾವೇರಿಗೂ ಅನ್ವಯಿಸಬೇಕಾಗಿ ಬಂತು. ರಾವ್ ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು, ಕೊರಿಯಾ ಯುದ್ಧ ಶುರುವಾದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು, 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಮೊದಲ ಭಾರತೀಯರೆನಿಸಿಕೊಂಡರು; ಮರುವರ್ಷವೇ ತೀರಿಕೊಂಡರು.

ಈ ಕಾನೂನನ್ನು ಜಾರಿ ಮಾಡುವವರಾದರೂ ಯಾರು ಎಂದು ಕೇಳುವವರಿದ್ದಾರೆ, ಕೇಳಲೂ ಬೇಕು. ಸಾರ್ವಭೌಮನ ಆಜ್ಞೆಯೇ ಕಾನೂನು, ಆದ್ದರಿಂದ ಅಂತರರಾಷ್ಟ್ರೀಯ ಕಾನೂನು ಕಾನೂನೇ ಅಲ್ಲ, ಒಂದು ಬಗೆಯ ನೀತಿ ಮಾತ್ರ ಎಂದು ಲಂಡನ್ನಿನಲ್ಲಿ ಕಾನೂನು ತತ್ವಜ್ಞಾನಿ ಜಾನ್ ಆಸ್ಟಿನ್ ತನ್ನ ಉಪನ್ಯಾಸಗಳಲ್ಲಿ ಹೇಳಿದ. 1832ರಲ್ಲಿ ಅವು ಪುಸ್ತಕವಾದವು. (ಪಾಪ, ಕೇಳುಗರೇ ಇಲ್ಲವಾಗಿ ಆತ ಆ ಪೀಠವನ್ನೇ ಬಿಡಬೇಕಾಯಿತು. ಕಾನೂನಿನ ಉಪನ್ಯಾಸಕ್ಕೆ ಜನ ಬರುವುದಿಲ್ಲ ಎಂಬ ಕೊರಗು ಹೊಸದಲ್ಲ.) ಆಜ್ಞೆ ಮತ್ತು ದಂಡನೆಯಿಂದಷ್ಟೇ ಕಾನೂನನ್ನು ವಿವರಿಸಲಾಗದು, ಜನ ಅದನ್ನು ತಮ್ಮ ನಡೆಗೆ ಅಳತೆಯೆಂದು ಒಳಗಿನಿಂದ ಒಪ್ಪಿಕೊಳ್ಳುವುದೂ ಅದರ ಜೀವಾಳ ಎಂದು 1961ರಲ್ಲಿ ಇಂಗ್ಲೆಂಡಿನವನೇ ಆದ ಇನ್ನೊಬ್ಬ ಕಾನೂನು ತತ್ವಜ್ಞಾನಿ ಎಚ್. ಎಲ್. ಎ. ಹಾರ್ಟ್ ಉತ್ತರ ಕೊಟ್ಟ. ನ್ಯಾಯಮಂಡಳಿಯ ಆದೇಶವನ್ನು ರಾಜ್ಯವೊಂದು ಪಾಲಿಸದಿದ್ದರೆ ಏನು ಮಾಡುವುದು ಎಂದು ಚಿಂತಿಸಿದ ನಮಗೆ ಈ ಎರಡು ಶತಮಾನದ ಜಗಳ ಅಪರಿಚಿತವೇನೂ ಅಲ್ಲ.

ಇಷ್ಟೆಲ್ಲ ಇದ್ದೂ ಇಂದು ಈ ಜ್ಞಾನ ಎಲ್ಲಿ ಸಿಗುತ್ತದೆ? ಹೇಗ್‌ನ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿ 1923ರಿಂದ ಬೇಸಿಗೆ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ. ಅವುಗಳ ಸಂಗ್ರಹ 400 ಸಂಪುಟಗಳನ್ನು ದಾಟಿದೆ. ವಿಶ್ವಸಂಸ್ಥೆ 2008ರಲ್ಲಿ ಆರಂಭಿಸಿದ ದೃಶ್ಯ ಶ್ರವಣ ಗ್ರಂಥಾಲಯದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಉಪನ್ಯಾಸಗಳನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಕೇಳಬಹುದು. ಬೆಂಗಳೂರಿನಲ್ಲೂ ಒಳ್ಳೆಯ ಉಪನ್ಯಾಸಗಳು ಆಗಾಗ ನಡೆಯುತ್ತವೆ. ಎಲ್ಲವೂ ಇಂಗ್ಲಿಷಿನಲ್ಲಿ ಅಥವಾ ಫ್ರೆಂಚಿನಂಥ ಭಾಷೆಗಳಲ್ಲಿ. ಅದೇ ಹೊತ್ತಿಗೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ನೋಡಿ: ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾಗಲಿ ಪೂರ್ತಿ ಕನ್ನಡದಲ್ಲಾಗಲಿ ಬರೆಯಬಹುದು ಎಂಬ ಸೂಚನೆ ಅದರ ಮೇಲಿರುತ್ತದೆ. ವಕೀಲರ ಪರಿಷತ್ತಿನ ನಿಯಮದಂತೆ ಅಂತರರಾಷ್ಟ್ರೀಯ ಕಾನೂನು ಕಡ್ಡಾಯ ವಿಷಯ. ಅಂದರೆ ಹೆಲ್ಸಿಂಕಿ, ವಿತೋರಿಯಾ, ಆಸ್ಟಿನ್ ಎಲ್ಲರನ್ನೂ ಕನ್ನಡದಲ್ಲಿ ವಿವರಿಸಬೇಕಾದ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಅವರ ಕೈಗೆ ಪರೀಕ್ಷೆಯ ಹಿಂದಿನ ವಾರ ಸಿಗುವುದು ಗೈಡು. ಪರೀಕ್ಷೆಗೆ ಕನ್ನಡ ಸಾಕು, ಉಪನ್ಯಾಸಕ್ಕೆ ಸಾಲದು ಎಂಬ ಈ ಏರ್ಪಾಡು ನನಗೆ ಅರ್ಥವಾಗಿಲ್ಲ.

ಸಾರ್ವಜನಿಕ ಉಪನ್ಯಾಸ ನಮಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳಲ್ಲಿ ಪ್ರಾಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೆ, ಹಳ್ಳಿಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತುಗಳು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗುತ್ತಿದ್ದವು. ಕುವೆಂಪು ಅವರು ಕುಲಪತಿಯಾಗಿದ್ದಾಗ ಈ ಕೆಲಸಕ್ಕೆ ಹೊಸ ಬಲ ಬಂತು. ವಿಶ್ವವಿದ್ಯಾಲಯಗಳ ಪ್ರಕಟಣಾ ವಿಭಾಗಗಳಾದ ನಮ್ಮ ಪ್ರಸಾರಾಂಗಗಳು ಈಗಲೂ ಇವೆ. ನನ್ನ ಕೋರಿಕೆ ದೊಡ್ಡದಲ್ಲ: ರಾಜ್ಯ ಕಾನೂನು ವಿಶ್ವವಿದ್ಯಾಲಯವಾಗಲಿ, ಮಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳಾಗಲಿ ಒಟ್ಟು ಸೇರಿ ಬೆನಗಲ್ ನರಸಿಂಗ ರಾವ್ ಅವರ ಹೆಸರಿನಲ್ಲಿ ವರ್ಷಕ್ಕೊಂದು ಕನ್ನಡ ಉಪನ್ಯಾಸವನ್ನು ಆರಂಭಿಸಲಿ. ಅವರ ಜನ್ಮದಿನವಾದ ಫೆಬ್ರುವರಿ 26ರಂದು ಮಂಗಳೂರಿನಲ್ಲಿ ಅದು ನಡೆಯಲಿ; ಅದೇ ಉಪನ್ಯಾಸಕರು ಅದೇ ವಾರದಲ್ಲಿ ಮಂಡ್ಯದಲ್ಲೋ ಚಾಮರಾಜನಗರದಲ್ಲೋ ಇನ್ನೊಮ್ಮೆ ಮಾತನಾಡಲಿ. ವೇದಿಕೆಯ ಮೇಲಿರುವವರ ಹೆಸರು ಹೇಳಿ ಹಾರ ಹಾಕುವುದಕ್ಕೇ ಅರ್ಧ ಗಂಟೆ ಕಳೆಯುವ ನಮ್ಮ ಸಭಾ ಸಂಪ್ರದಾಯವನ್ನು ಅಂದು ಒಂದು ದಿನ ಬದಿಗಿಟ್ಟು, ಆ ಅರ್ಧ ಗಂಟೆಯನ್ನು ಸಭಿಕರ ಪ್ರಶ್ನೆಗಳಿಗೆ ಕೊಡಲಿ.

ಇಂಥ ಗಹನ ವಿಷಯಕ್ಕೆ ಕನ್ನಡ ಬಗ್ಗೀತೇ ಎಂದು ಹುಬ್ಬೇರಿಸುವವರಿಗೆ ಉತ್ತರ ಸುಲಭ: ಕ್ಯುಸೆಕ್, ಟಿಎಂಸಿ, ಒಳಹರಿವು, ಹೊರಹರಿವು, ಸಂಕಷ್ಟ ಸೂತ್ರ ಎಂಬ ಮಾತುಗಳನ್ನು ದಿನಬಳಕೆಯ ಕನ್ನಡವಾಗಿಸಿದವರು ಯಾವ ಪರಿಭಾಷಾ ಸಮಿತಿಯವರೂ ಅಲ್ಲ, ನಾಲೆಯ ದಂಡೆಯ ಮೇಲಿನವರು ಮತ್ತು ನಿಮ್ಮಂಥ ಪತ್ರಿಕೆಗಳ ವರದಿಗಾರರು. ಇನ್ನೊಂದು ಆತಂಕ ಹೆಚ್ಚು ಗಟ್ಟಿಯಾದದ್ದು. ಕಾವೇರಿ ಕಣಿವೆಯಲ್ಲಿ ನದಿ ಕಾನೂನಿನ ಉಪನ್ಯಾಸ ಇಟ್ಟರೆ ಅದು ಭಾಷಣವಾಗಿ, ಭಾಷಣ ಘೋಷಣೆಯಾಗಿ, ಕೊನೆಗೆ ನೆರೆ ರಾಜ್ಯದವರನ್ನು ಬೈಯುವ ಸಭೆಯಾಗುವ ಅಪಾಯವಿದೆ. ಅದಕ್ಕೆಂದೇ ಉಪನ್ಯಾಸಕರನ್ನು ಆರಿಸುವ ಹೊಣೆ ರಾಜಕೀಯದವರ ಕೈಗೆ ಹೋಗಬಾರದು. ಕೆಳಗಿನ ರಾಜ್ಯದ ವಾದವನ್ನೂ ಅದರ ಪೂರ್ಣ ಬಲದೊಡನೆ ಮಂಡಿಸಬಲ್ಲವರೇ ಬರಬೇಕು. ಡ್ಯಾನ್ಯೂಬ್ ನದಿಯ ಅಣೆಕಟ್ಟಿನ ಬಗ್ಗೆ ಹಂಗೇರಿ ಮತ್ತು ಸ್ಲೊವಾಕಿಯಾ ನಡುವಿನ ಮೊಕದ್ದಮೆಯಲ್ಲಿ, 1997ರಲ್ಲಿ, ಶ್ರೀಲಂಕಾದ ನ್ಯಾಯಾಧೀಶ ವೀರಮಂತ್ರಿ ಬರೆದ ಪ್ರತ್ಯೇಕ ಅಭಿಪ್ರಾಯವನ್ನು ಮೊದಲ ವರ್ಷದ ವಿಷಯವಾಗಿ ಇಟ್ಟುಕೊಳ್ಳಬಹುದೆಂದು ನನ್ನ ಸೂಚನೆ. ಅಭಿವೃದ್ಧಿಯೂ ಬೇಕು, ಪರಿಸರವೂ ಉಳಿಯಬೇಕು ಎಂಬುದನ್ನು ಸಮರ್ಥಿಸಲು ಅವರು ತಮ್ಮ ನಾಡಿನ ಹಳೆಯ ಕೆರೆಗಳನ್ನು, ಬಿದ್ದ ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದೆಂದ ರಾಜ ಪರಾಕ್ರಮಬಾಹುವನ್ನು ಹೇಗ್‌ನ ನ್ಯಾಯಪೀಠದ ಮುಂದೆ ತಂದು ನಿಲ್ಲಿಸಿದರು. ಕೆರೆ ಕಟ್ಟಿಸಿದ ಶಾಸನಗಳಿಗೆ ಕೊರತೆಯೇ ಇಲ್ಲದ ನಾಡಿನಲ್ಲಿ ಆ ವಾದ ಯಾರಿಗೂ ಕಷ್ಟವಾಗದು, ನೆರೆಯವರ ಮೇಲೆ ಹಗೆಯನ್ನೂ ಕೆರಳಿಸದು.

ಉಪನ್ಯಾಸದ ಪಠ್ಯವನ್ನು ಪ್ರಸಾರಾಂಗ ಕಿರುಹೊತ್ತಗೆಯಾಗಿ ಪ್ರಕಟಿಸಲಿ, ಕಾನೂನು ಕಾಲೇಜುಗಳ ಗ್ರಂಥಾಲಯಗಳಿಗೂ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೂ ಕಳಿಸಲಿ, ಧ್ವನಿಮುದ್ರಣವನ್ನು ಎಲ್ಲರಿಗೂ ಸಿಗುವಂತೆ ಇಡಲಿ. ನಿಮ್ಮ ಪತ್ರಿಕೆ ಆ ಪಠ್ಯದ ಮುಖ್ಯ ಭಾಗವನ್ನು ಭಾನುವಾರದ ಪುರವಣಿಯಲ್ಲಿ ಅಚ್ಚು ಹಾಕಲು ಒಪ್ಪುವುದಾದರೆ, ವಿಶ್ವವಿದ್ಯಾಲಯಗಳ ಕುಲಪತಿಗಳ ಮುಂದೆ ಈ ಕೋರಿಕೆಯನ್ನು ಇಡುವುದು ನನ್ನಂಥವರಿಗೆ ಸುಲಭವಾಗುತ್ತದೆ. ಆ ಬಗ್ಗೆ ತಮ್ಮ ಅಭಿಪ್ರಾಯವನ್ನು ಇದೇ ಅಂಕಣದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾನೂನು ಅಧ್ಯಾಪಕ, ಮೈಸೂರು